ಯಾರಿಗೂ ಕಾಣದ ತೋಟ

ಸೆಪ್ಟೆಂಬರ್ 18, 2016, ಭಾನುವಾರ

ಮಗಳು ಇವತ್ತು ಪಟ್ಟಣದಿಂದ ಈ ಪುಸ್ತಕ ತಂದಳು. ಹಸಿರು ರಟ್ಟು, ಒಳಗೆ ಉದ್ದುದ್ದ ಗೆರೆ ಎಳೆದ ಹಾಳೆಗಳು. ದಿನಾ ಗಿಡಗಳಿಗೆ ಎಷ್ಟು ಗ್ಯಾಲನ್ ನೀರು ಬಿಟ್ಟೆ, ಏನು ಗೊಬ್ಬರ ಹಾಕಿದೆ ಎಂದು ಬರೆದಿಡಬೇಕಂತೆ. ಪರವಾನಗಿ ಕೇಳುವವರೆಲ್ಲ ಹಾಗೆ ಬರೆಯುತ್ತಾರಂತೆ. ನಾನು ಪರವಾನಗಿ ಕೇಳುವವಳಲ್ಲ ಎಂದೆ. ಅವಳು ವಾದ ಮಾಡಲಿಲ್ಲ. ಪುಸ್ತಕವನ್ನು ಮೇಜಿನ ಮೇಲಿಟ್ಟು, ಪೆನ್ನನ್ನು ಅದರ ಮೇಲಿಟ್ಟು ಹೊರಟುಹೋದಳು. ನನ್ನ ಮಗಳೇ, ಅನುಮಾನವಿಲ್ಲ.

ಮೂವತ್ತೆಂಟು ವರ್ಷದ ಹಿಂದೆ ಈ ಗುಡ್ಡಕ್ಕೆ ಬಂದ ಮೊದಲ ವಾರವೇ ಕಲಿತದ್ದು ಮೂರು ಮಾತು. ಏನನ್ನೂ ಬರೆದಿಡಬೇಡ, ಫೋಟೋ ತೆಗೆಯಬೇಡ, ಯಾರ ಪೂರ್ತಿ ಹೆಸರನ್ನೂ ಕೇಳಬೇಡ. ಕೊಯ್ಲು ಮುಗಿದ ಮೇಲೆ ಒಣಗಿದ ಕಡ್ಡಿಗಳ ಜೊತೆಗೆ ಮನೆಯಲ್ಲಿರುವ ಕಾಗದವನ್ನೆಲ್ಲ ಬೆಂಕಿಗೆ ಹಾಕುವುದು ಇಲ್ಲಿಯ ಪದ್ಧತಿ. ಗೊಬ್ಬರದ ರಸೀದಿ, ಬೀಜದ ಪೊಟ್ಟಣ, ಸಾಮಾನಿನ ಚೀಟಿ, ಒಂದನ್ನೂ ಬಿಡುವುದಿಲ್ಲ. ಈ ಪುಸ್ತಕವೂ ನವೆಂಬರಿನಲ್ಲಿ ಅದೇ ಬೆಂಕಿಗೆ ಹೋಗುತ್ತದೆ. ಅಲ್ಲಿಯವರೆಗೆ ಇದರಲ್ಲಿ ಗೊಣಗಿಕೊಳ್ಳುತ್ತೇನೆ. ಗಿಬ್ ಮಾರ್ಚಿನಲ್ಲಿ ತೀರಿಕೊಂಡ ಮೇಲೆ ನನ್ನ ಗೊಣಗಾಟಕ್ಕೆ ಕಿವಿಯಿಲ್ಲ.

ಗಂಡನ ಹೆಸರು ಬರೆದೆ, ಅವನಿಗೆ ಇನ್ನು ಯಾವ ಪೊಲೀಸೂ ಏನೂ ಮಾಡಲಾರ. ಬದುಕಿರುವವರ ಹೆಸರು ಬರೆಯುವುದಿಲ್ಲ. ಗಿಡದ ಹೆಸರೂ ಇಲ್ಲ. ಬಾಯಲ್ಲೂ ನಾನು ಆ ಹೆಸರು ಹೇಳುವವಳಲ್ಲ. ಮಧ್ಯಾಹ್ನ "ಆ ಗಿಡ" ಎಂದಿದ್ದಕ್ಕೆ ಮಗಳು ನಕ್ಕಳು.

"ಗಾಂಜಾ ಅನ್ನಮ್ಮ. ನಾಲಿಗೆ ಏನೂ ಸುಟ್ಟುಹೋಗಲ್ಲ."

ಅದು ಅವಳು ಹೇಳಿದ ಮಾತು, ನಾನು ಹೇಳಿದ್ದಲ್ಲ.

ಸೆಪ್ಟೆಂಬರ್ 25, ಭಾನುವಾರ

ಎಲ್ಲಿ ಹೋದರೂ ಅದೇ ಮಾತು. ನವೆಂಬರ್ ಎಂಟಕ್ಕೆ ಮತದಾನ. "ಹೌದು" ಎನ್ನುವವರು ಹೆಚ್ಚಾದರೆ ಇಡೀ ಕ್ಯಾಲಿಫೋರ್ನಿಯಾದಲ್ಲಿ ದೊಡ್ಡವರು ಯಾರು ಬೇಕಾದರೂ ಸೇದಬಹುದು, ಪರವಾನಗಿ ಇದ್ದವರು ಬೆಳೆಯಬಹುದು, ಅಂಗಡಿಯಲ್ಲಿಟ್ಟು ಮಾರಬಹುದು, ಸರ್ಕಾರ ತೆರಿಗೆ ವಸೂಲಿ ಮಾಡಬಹುದು. ಅಂಚೆ ಕಚೇರಿಯ ಸಾಲಿನಲ್ಲಿ ನಿಂತ ಇಬ್ಬರು ಗಂಡಸರು ಇದರ ಮೇಲೆ ಮುಖ ಕೆಂಪಗೆ ಮಾಡಿಕೊಂಡು ಜಗಳವಾಡಿದರು. ಇಬ್ಬರೂ ನಲವತ್ತು ವರ್ಷದಿಂದ ಬೆಳೆಯುತ್ತಿರುವವರು. ಹಿಂದಿನ ವರ್ಷದವರೆಗೆ ಇಬ್ಬರೂ "ನಾವು ಬಡಗಿಗಳು" ಎನ್ನುತ್ತಿದ್ದವರು.

ನಾನು "ಬೇಡ" ಕಡೆ. ಕಾನೂನು ಬಂದ ಮರುದಿನವೇ ದುಡ್ಡಿದ್ದವರು ಬಯಲುಸೀಮೆಯಲ್ಲಿ ನೂರು ಎಕರೆ ಗಾಜಿನ ಮನೆ ಕಟ್ಟುತ್ತಾರೆ. ಬೆಲೆ ಪಾತಾಳಕ್ಕೆ ಬೀಳುತ್ತದೆ. ಪೊಲೀಸರ ಹೆಲಿಕಾಪ್ಟರಿಗೆ ಹೆದರಿಕೊಂಡು ಬಾಳಿದವರು ನಾವು, ಉಣ್ಣುವವರು ಅವರು.

ಮಗಳದ್ದು "ಹೌದು" ಕಡೆ. ಅವಳು ಈ ಮಣ್ಣಿನಲ್ಲೇ ಹುಟ್ಟಿದವಳು, ಈಗ ಮೂವತ್ತೆರಡು. ಬೇರೆ ಕಸುಬು ಬರುವುದಿಲ್ಲ, ಬೇಕಾಗಿಯೂ ಇಲ್ಲ. ಆದರೆ ಇನ್ನು ಕದ್ದು ಬೆಳೆಯುವುದಿಲ್ಲ ಎಂದು ಖಡಾಖಂಡಿತ ಹೇಳಿದ್ದಾಳೆ. ಮತದಾನ ಏನೇ ಆಗಲಿ, ಔಷಧಿಗೆಂದು ಬೆಳೆಯಲು ಜಿಲ್ಲೆ ಈಗಾಗಲೇ ಕೊಡುತ್ತಿರುವ ಪರವಾನಗಿಯ ಅರ್ಜಿಗೆ ಡಿಸೆಂಬರ್ ಕೊನೆಯೇ ಗಡುವು. ಸಿಕ್ಕರೆ ಇಲ್ಲಿರುತ್ತಾಳೆ, ಸಿಗದಿದ್ದರೆ ಬಯಲಿನ ಯಾವುದಾದರೂ ಕಂಪನಿಯ ಗಾಜಿನ ಮನೆಯಲ್ಲಿ ಸಂಬಳಕ್ಕೆ ಸೇರುತ್ತಾಳೆ. ಜಮೀನು ನನ್ನ ಹೆಸರಿನಲ್ಲಿದೆ. ನನ್ನ ಸಹಿಯಿಲ್ಲದೆ ಅರ್ಜಿಯಿಲ್ಲ.

ಮೇಲಿನ ದಿಣ್ಣೆಯವನು ಸೌದೆ ತಂದು ಹಾಕಿದ. ಗಿಬ್ ಹೋದ ಮೇಲೆ ಯಾರೂ ಕೇಳದಿದ್ದರೂ ಟ್ರಕ್ಕಿನಲ್ಲಿ ತರುತ್ತಾನೆ, ಒಡೆದು ಜೋಡಿಸುತ್ತಾನೆ. ಅವನೂ "ಹೌದು" ಕಡೆ. 1990ರಲ್ಲಿ ಸಿಕ್ಕಿಬಿದ್ದು ಹದಿನಾಲ್ಕು ತಿಂಗಳು ಒಳಗಿದ್ದವನು. ಹೊಸ ಕಾನೂನು ಬಂದರೆ ಅವನ ಮೇಲಿನ ಆ ಅಪರಾಧವನ್ನು ಅಳಿಸಿಹಾಕಲು ಅರ್ಜಿ ಕೊಡಬಹುದಂತೆ. ಆ ಮಾತು ಹೇಳುವಾಗ ನನ್ನ ಮುಖ ನೋಡುತ್ತಿದ್ದ. ಒಲೆಯ ಮೇಲೆ ಹುರುಳಿಕಾಯಿ ಸೀಯುತ್ತಿದೆ ಎಂದು ಒಳಗೆ ಬಂದುಬಿಟ್ಟೆ. ಏನೂ ಸೀಯುತ್ತಿರಲಿಲ್ಲ.

ಅಕ್ಟೋಬರ್ 2, ಭಾನುವಾರ

ಕೊಯ್ಲು. ಬೆರಳಿಗೆ ಅಂಟು, ಕತ್ತರಿಗೆ ಅಂಟು, ಕೂದಲಿಗೂ ಅಂಟು. ಆಲಿವ್ ಎಣ್ಣೆ ಹಚ್ಚಿ ಉಜ್ಜಿದರೂ ಪೆನ್ನು ಕೈಬಿಡುತ್ತಿಲ್ಲ. ಇಷ್ಟೇ ಸಾಕು.

ಅಕ್ಟೋಬರ್ 9, ಭಾನುವಾರ

ಊರ ಸಭಾಭವನದಲ್ಲಿ ಚರ್ಚೆಯಿತ್ತು. ಕಾಲಿಡಲು ಜಾಗವಿರಲಿಲ್ಲ. ನಗರದಿಂದ ಬಂದ, ಹೊಳೆಯುವ ಬೂಟಿನ ಒಬ್ಬಾತ ತೆರಿಗೆಯ ಹಣ ಎಲ್ಲೆಲ್ಲಿಗೆ ಹೋಗುತ್ತದೆ ಎಂದು ಚಿತ್ರ ತೋರಿಸಿದ. ಮಕ್ಕಳಿಗೆ, ಚಿಕಿತ್ಸೆಗೆ, ಕಾಡು ಹೊಳೆಗಳ ರಕ್ಷಣೆಗೆ. ನಮ್ಮ ರಸ್ತೆಯ ಗುಂಡಿಗೆ ಎಷ್ಟು ಎಂದು ಹಿಂದಿನಿಂದ ಯಾರೋ ಕೇಳಿದರು. ಅದು ಈ ಚಿತ್ರದಲ್ಲಿಲ್ಲ ಎಂದ.

ನಾನೂ ಎದ್ದು ನಿಂತೆ. ನಿಲ್ಲಬಾರದಿತ್ತು. ಹೆದರಿಕೊಂಡು ಮಕ್ಕಳನ್ನು ಸಾಕಿದವರು ನಾವು, ಈಗ ಬೆಲೆ ಬಿದ್ದರೆ ಈ ಗುಡ್ಡದಲ್ಲಿ ಒಂದು ಮನೆಯೂ ಉಳಿಯುವುದಿಲ್ಲ, ಆ ಚಿಕ್ಕ ತೋಟಗಳ ಬಗ್ಗೆ ನಿಮ್ಮ ಚಿತ್ರದಲ್ಲಿ ಏನಿದೆ ಎಂದು ಕೇಳಿದೆ. ಚಪ್ಪಾಳೆ ಬಿತ್ತು. ಇನ್ನೂ ಚಪ್ಪಾಳೆ ನಿಂತಿರಲಿಲ್ಲ, ಮುಂದಿನ ಸಾಲಿನಲ್ಲಿದ್ದ ಒಬ್ಬ ಕರಿಯ ಹೆಂಗಸು ಎದ್ದಳು. ಓಕ್ಲೆಂಡಿನವಳು, ಶಾಲೆಯ ಬಸ್ಸು ಓಡಿಸುತ್ತಾಳೆ, ಹೆಸರು ವರ್ನಿತಾ. ಅವಳ ಮಗ ಮಾರುವಾಗ ಸಿಕ್ಕಿ ಮೂರು ವರ್ಷದಿಂದ ಜೈಲಿನಲ್ಲಿದ್ದಾನೆ. ಅವಳು ಧ್ವನಿ ಎತ್ತಲೇ ಇಲ್ಲ.

"ನಿಮ್ಮ ಕಷ್ಟ ನನಗೆ ಅರ್ಥ ಆಗತ್ತಮ್ಮ. ಆದ್ರೆ ನಿಮಗೆ ಬಚ್ಚಿಡೋಕೆ ಮರ ಇತ್ತು. ನನ್ನ ಮಗ ನಿಂತಿದ್ದ ಕಡೆ ಬೀದಿ ದೀಪ ಇತ್ತು. ಇಬ್ರೂ ಮಾರಿದ್ದು ಒಂದೇ ಸೊಪ್ಪು. ನಿಮ್ಮ ರೇಟು ಬೀಳಬಾರದು ಅಂತ ಅವನು ಇನ್ನೂ ಎಷ್ಟು ವರ್ಷ ಒಳಗಿರ್ಬೇಕು ಹೇಳಿ."

ನಾನು ಕೂತೆ. ಹೊರಗೆ ಬರುವಾಗ ನಾನು ಸಭೆಗೆಂದು ಮಾಡಿ ತಂದಿದ್ದ ಸೇಬಿನ ಕೇಕನ್ನು ಅವಳ ಕೈಗಿಟ್ಟೆ. ಅಲ್ಲೇ ಒಂದು ಚೂರು ಬಾಯಿಗೆ ಹಾಕಿಕೊಂಡು, ಸಕ್ಕರೆ ಜಾಸ್ತಿ ಆಯಿತು ಎಂದಳು. ಆಗಿತ್ತು ನಿಜ.

ಅವಳ ಹೆಸರು ಬರೆದುಬಿಟ್ಟಿದ್ದೇನೆ. ಇರಲಿ, ಅವಳೇ ಮುನ್ನೂರು ಜನರ ಮುಂದೆ ಹೇಳಿಕೊಂಡದ್ದು.

ಅಕ್ಟೋಬರ್ 20, ಗುರುವಾರ

ಮಗಳು ಬಲವಂತವಾಗಿ ಜಿಲ್ಲಾ ಕಚೇರಿಗೆ ಕರೆದುಕೊಂಡು ಹೋದಳು. ಸುಮ್ಮನೆ ಕೇಳಿಕೊಂಡು ಬರೋಣ ಎಂದಿದ್ದಳು. ಪರವಾನಗಿ ಎಲ್ಲರಿಗೂ ಇಲ್ಲವಂತೆ, ಈ ವರ್ಷದ ಜನವರಿಗೂ ಮುಂಚಿನಿಂದ ಬೆಳೆಯುತ್ತಿದ್ದವರಿಗೆ ಮಾತ್ರ. ಮುಂಚಿನಿಂದ ಬೆಳೆಯುತ್ತಿದ್ದಿರಿ ಎನ್ನುವುದಕ್ಕೆ ಸಾಕ್ಷಿ ಕೊಡಬೇಕು.

ಕಿಟಕಿಯ ಹಿಂದಿದ್ದ ಹುಡುಗ ಮರ್ಯಾದಸ್ಥ. ಆಕಾಶದಿಂದ ತೆಗೆದ ಚಿತ್ರವನ್ನು ಕಂಪ್ಯೂಟರಿನಲ್ಲಿ ತೆರೆದು ನಮ್ಮ ಜಮೀನನ್ನು ಹುಡುಕಿದ. ಹಿಗ್ಗಿಸಿದ, ಕುಗ್ಗಿಸಿದ, ಹಿಂದಿನ ವರ್ಷದ್ದು ನೋಡಿದ, ಅದರ ಹಿಂದಿನದು ನೋಡಿದ. "ಇಲ್ಲಿ ಬರೀ ಮರ ಇದೆಯಲ್ಲ ಮೇಡಂ" ಎಂದ.

ಎದೆ ಉಬ್ಬಿತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಉಬ್ಬಿತು. ಒಂದೊಂದು ಗಿಡಕ್ಕೂ ಒಂದೊಂದು ಓಕ್ ಮರದ ಅಂಚಿನಲ್ಲಿ ಬೇರೆ ಬೇರೆ ಗುಂಡಿ. ಎರಡು ಗಿಡ ಒಂದು ಸಾಲಿನಲ್ಲಿಲ್ಲ. ಮೀನು ಹಿಡಿಯುವ ದಾರದಿಂದ ಕೊಂಬೆಗಳನ್ನು ಬಗ್ಗಿಸಿ ನೆಲಕ್ಕೆ ಕಟ್ಟುತ್ತಿದ್ದೆವು. ನೀರಿನ ಕೊಳವೆಯ ಮೇಲೆ ತರಗೆಲೆ. ಹೆಲಿಕಾಪ್ಟರು ತಲೆಯ ಮೇಲೆ ನೂರಾರು ಸಲ ಸುತ್ತಿದೆ, ಒಂದು ಸಲವೂ ಕಂಡಿಲ್ಲ. ಕಾಣಬಾರದು ಎಂದೇ ದುಡಿದದ್ದು ಎಂದು ಅವನಿಗೆ ಹೇಳಿದೆ. ಮಗಳು ನನ್ನ ಮೊಣಕೈ ಚಿವುಟಿದಳು.

ನಮ್ಮ ಪಕ್ಕದ ಕೌಂಟರಿನಲ್ಲಿದ್ದವನು ಎರಡು ವರ್ಷದ ಹಿಂದೆ ಬಂದು ಬುಲ್ಡೋಜರಿನಿಂದ ಗುಡ್ಡದ ತಲೆ ಬೋಳಿಸಿದ ಮಹಾಶಯ. ಅವನ ತೋಟ ಆಕಾಶಕ್ಕೆ ಅಂಗೈಯಷ್ಟು ಸ್ಪಷ್ಟ. ಐದು ನಿಮಿಷದಲ್ಲಿ ಅವನ ಕೆಲಸ ಮುಗಿಯಿತು. ದಿಣ್ಣೆಯವನದೂ ಮುಗಿದಿದೆಯಂತೆ, ಹೋದ ವಾರವೇ. ಅವನ ಹತ್ತಿರ 1990ರ ದಾಳಿಯ ಕಾಗದ ಇತ್ತು. ಇಂಥ ತಾರೀಕು, ಇಂಥ ಜಾಗ, ಇಷ್ಟು ಗಿಡ, ಕೆಳಗೆ ಸೀಲು. ಸಂಜೆ ದಾರಿಯಲ್ಲಿ ಸಿಕ್ಕವನು ನಗುತ್ತಿದ್ದ.

"ಸರ್ಕಾರ ನನಗೆ ಅಂತ ಕೊಟ್ಟ ಒಂದೇ ಸರ್ಟಿಫಿಕೇಟು ಕಣೆ ಅದು. ಇಪ್ಪತ್ತಾರು ವರ್ಷ ಆದ್ಮೇಲೆ ಬೆಲೆ ಬಂತು ನೋಡು."

ಸಿಕ್ಕಿಬಿದ್ದವನಿಗೆ ಸಾಕ್ಷಿಯಿದೆ, ಸಿಕ್ಕಿಬೀಳದವಳಿಗೆ ಇಲ್ಲ. ನನಗೆ ಒಂದೇ ದಾರಿ ಎಂದು ಆ ಹುಡುಗ ಹೇಳಿದ್ದಾನೆ. ಪ್ರಮಾಣ ಮಾಡಿ ಒಂದು ಹೇಳಿಕೆ ಬರೆದುಕೊಡಬೇಕು. ಅದರಲ್ಲಿ ಯಾವುದಾದರೂ ಸರ್ಕಾರಿ ದಾಖಲೆಗೆ ತಾಳೆಯಾಗುವ ತಾರೀಕು, ಘಟನೆ ಇರಬೇಕು. ಪರವಾನಗಿಗೆ ಅರ್ಹನಾದ ನೆರೆಯವನೊಬ್ಬ ಹೌದೆಂದು ಸಾಕ್ಷಿ ಬರೆಯಬೇಕು. ನನ್ನಿಂದ ಆಗದು ಎಂದೆ.

ನವೆಂಬರ್ 8, ಮಂಗಳವಾರ

ಶಾಲೆಯಲ್ಲಿ ಮತ ಹಾಕಿ ಬಂದೆ. ಚಿಕ್ಕ ಮಕ್ಕಳ ಕುರ್ಚಿ, ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಚೀಟಿಯ ಮೇಲ್ಭಾಗದ, ಅಧ್ಯಕ್ಷ ಪದವಿಗೆ ನಿಂತ ದೊಡ್ಡ ಹೆಸರುಗಳ ವಿಷಯ ಬರೆಯುವಷ್ಟು ತಾಳ್ಮೆ ಇಲ್ಲ. ಕೆಳಗೆ ನಮ್ಮ ಪ್ರಶ್ನೆಗೆ ಬಂದಾಗ "ಬೇಡ"ದ ಮೇಲೆ ಪೆನ್ನಿಟ್ಟೆ. ಆ ಬಸ್ಸಿನ ಹೆಂಗಸು ನೆನಪಾದಳು, ಅವಳ ಬೀದಿ ದೀಪ ನೆನಪಾಯಿತು. "ಹೌದು" ಎಂದು ತುಂಬಿ ಬಂದೆ. ಅದೇ ಚೀಟಿಯಲ್ಲಿದ್ದ, ಬೆಳೆಗಾರರ ಮೇಲಿನ ಜಿಲ್ಲೆಯ ತೆರಿಗೆಗೂ "ಹೌದು". ಹೇಗೂ ಬರುವುದಾದರೆ ರಸ್ತೆಯ ಗುಂಡಿಯಾದರೂ ಮುಚ್ಚಲಿ.

ಇದರಿಂದ ನನ್ನ ಅಭಿಪ್ರಾಯವೇನೂ ಬದಲಾಗಿಲ್ಲ. ಮಗಳು ಕೇಳಿದಾಗ "ಬೇಡ" ಎಂದು ಹಾಕಿದೆ ಎಂದೆ.

ನವೆಂಬರ್ 9, ಬುಧವಾರ

ಗೆದ್ದಿತು. ದಿಣ್ಣೆಯವನು, ಹಾರ್ಲನ್, ಮೇಲಿನಿಂದ ಟ್ರಕ್ಕಿನ ಹಾರ್ನು ಒತ್ತುತ್ತಲೇ ಇದ್ದ, ಕಣಿವೆಯ ನಾಯಿಗಳೆಲ್ಲ ಬೊಗಳಿದವು. ಮಗಳು, ಮಡ್ರೋನ, ಓಡಿಬಂದು ನನ್ನನ್ನು ತಬ್ಬಿಕೊಂಡಳು. ನಾನು ಸೋತ ಕಡೆಯವಳು ಎಂದು ಸಮಾಧಾನ ಮಾಡಿದಳು, ಪಾಪ.

ನವೆಂಬರ್ 27, ಭಾನುವಾರ

ಕೊಯ್ಲಿನ ಹಬ್ಬ ಮುಗಿಯಿತು. ಉಳಿದ ಟರ್ಕಿ ಕೋಳಿಯ ಮೂಳೆಗೆ ಸೂಪು ಮಾಡಿಟ್ಟು ಮಡ್ರೋನಳ ಎದುರು ಕೂತೆ. ಹೇಳಿಕೆ ಬರೆಯೋಣ ಎಂದು ನಾನೇ ಹೇಳಿದೆ. ಅವಳು ಕಂಪನಿಯವರ ಕಾಗದವೊಂದನ್ನು ತೆರೆದಿಟ್ಟಿದ್ದನ್ನು ಬೆಳಿಗ್ಗೆ ನೋಡಿದ್ದೆ. ಕೆಲಸಕ್ಕೆ ಜನವರಿ ಎರಡಕ್ಕೆ ಬರಬೇಕಂತೆ. ಅವಳು ಹೋದರೆ ಈ ಜಮೀನಿನಲ್ಲಿ ನಾನೊಬ್ಬಳೇ.

ನಾನು ಹೇಳುತ್ತ ಹೋದೆ, ಅವಳು ಬರೆಯುತ್ತ ಹೋದಳು. ಯಾವ ವರ್ಷ ಬಂದೆವು, ಮೊದಲ ಗುಂಡಿ ಎಲ್ಲಿ ತೋಡಿದೆವು. ಆದರೆ ಒಂದಕ್ಕೂ ತಾರೀಕಿಲ್ಲ. ಇದ್ದ ಕಾಗದವನ್ನೆಲ್ಲ ನಾನೇ ಸುಟ್ಟಿದ್ದೇನೆ. ಅರ್ಧ ಗಂಟೆ ಆದ ಮೇಲೆ ಅವಳು ಪೆನ್ನನ್ನು ಮೇಜಿಗೆ ತಟ್ಟಿದಳು.

"ಅಮ್ಮ, ಹಾರ್ಲನ್ ಮಾಮನ್ನ ಹಿಡ್ಕೊಂಡು ಹೋದ ದಿನ. ಆವತ್ತು ನಾವು ತೋಟದಲ್ಲಿದ್ವಿ. ನೀನು ಗಿಡ ಕಡೀತಿದ್ದೆ, ನನ್ನ ಕೈಗೂ ಒಂದು ಕೊಟ್ಟು ಹಳ್ಳಕ್ಕೆ ಎಳ್ಕೊಂಡು ಓಡು ಅಂದೆ. ನಂಗೆ ಆರು ವರ್ಷ. ಗಿಡ ನನಗಿಂತ ಉದ್ದ ಇತ್ತು. ಅವರ ಕಾಗದದಲ್ಲಿ ತಾರೀಕಿದೆ, ಸೀಲಿದೆ. ಇದಕ್ಕಿಂತ ಸಾಕ್ಷಿ ಬೇಕಾ?"

ಖುಷಿಯಿಂದ ಅವಳ ಕಣ್ಣು ಅರಳಿತ್ತು. ಅದನ್ನು ಬರೆಯಬೇಡ ಎಂದೆ. ಯಾಕೆ ಎಂದು ಕೇಳಿದಳು. ಬರೆಯಬೇಡ ಎಂದರೆ ಬರೆಯಬೇಡ ಎಂದು ಕೂಗಿದೆ. ಅವಳು ಕಾಗದ ಮಡಚಿಟ್ಟು, ಕೋಟು ಹಾಕಿಕೊಂಡು ಜಮೀನಿನ ಆ ತುದಿಯ ತನ್ನ ಗುಡಿಸಲಿಗೆ ಹೋದಳು. ಸೂಪು ಹಾಗೇ ಇದೆ.

ನವೆಂಬರ್ 28, ಸೋಮವಾರ, ಬೆಳಿಗ್ಗೆ

ಇದನ್ನು ಎಲ್ಲಿಯೂ ಹೇಳಿಲ್ಲ. ಗಿಬ್‌ಗೂ ಹೇಳಿಲ್ಲ.

ನಮ್ಮದು ತಿರುವಿನ ಮನೆ. ಕೆಳಗಿನ ರಸ್ತೆಯಲ್ಲಿ ಪೊಲೀಸ್ ಗಾಡಿಗಳ ಸಾಲು ಹತ್ತಿ ಬಂದರೆ ಮೊದಲು ಕಾಣುವುದು ನಮಗೆ. ಅದಕ್ಕೇ ಫೋನಿನ ಸರಪಳಿಯಲ್ಲಿ ಮೊದಲ ಕೊಂಡಿ ನಾನು. ನಾನು ಹಾರ್ಲನ್‌ಗೆ ಹೇಳಬೇಕು, ಅವನು ಮುಂದಿನವರಿಗೆ, ಅವರು ಅದರ ಮುಂದಿನವರಿಗೆ. ಈ ಗುಡ್ಡದಲ್ಲಿ ಕಾನೂನು ಎಂದು ಏನಾದರೂ ಇದ್ದರೆ ಇದೊಂದೇ ಇತ್ತು. ಮೊದಲು ಫೋನು, ಆಮೇಲೆ ನಿನ್ನ ತೋಟ.

1990ರ ಆಗಸ್ಟ್ 14, ಮಂಗಳವಾರ. ಗಿಬ್ ಊರಲ್ಲಿರಲಿಲ್ಲ. ಕಾಫಿ ಲೋಟ ಹಿಡಿದು ಕಿಟಕಿಯ ಹತ್ತಿರ ನಿಂತಿದ್ದೆ. ಆರೂ ಹತ್ತಕ್ಕೆ ಕೆಳಗೆ ಎಂಟು ಗಾಡಿ. ಫೋನಿನ ಹತ್ತಿರ ಹೋದೆ, ಎತ್ತಿದೆ. ಸ್ವರ ಬರುತ್ತಿತ್ತು. ಇಟ್ಟುಬಿಟ್ಟೆ. ನಲವತ್ತು ಗಿಡ, ಆರು ವಾರದಲ್ಲಿ ಕೊಯ್ಲು, ಮಗುವಿಗೆ ಚಳಿಗಾಲದ ಬೂಟು ಸಹ ಆ ದುಡ್ಡಿನಲ್ಲೇ ಬರಬೇಕಿತ್ತು. ಹತ್ತು ನಿಮಿಷ, ಆಮೇಲೆ ಫೋನು ಎಂದುಕೊಂಡು ಕುಡುಗೋಲು ಹಿಡಿದು ಓಡಿದೆ. ಮಗುವನ್ನೂ ಎಬ್ಬಿಸಿದೆ. ಹತ್ತು ನಿಮಿಷ ಎಲ್ಲಿ ಹೋಯಿತೋ ಗೊತ್ತಿಲ್ಲ. ಮನೆಗೆ ಬಂದು ಫೋನು ಮಾಡಿದಾಗ ಅವನ ಮನೆಯಲ್ಲಿ ರಿಂಗಾಗುತ್ತಲೇ ಇತ್ತು. ಯಾರೂ ಎತ್ತಲಿಲ್ಲ.

ಫೋನು ಸತ್ತಿತ್ತು ಎಂದು ಎಲ್ಲರಿಗೂ ಹೇಳಿದೆ. ಆ ಕಾಲದಲ್ಲಿ ಗುಡ್ಡದ ಫೋನುಗಳು ವಾರಕ್ಕೊಮ್ಮೆ ಸಾಯುತ್ತಿದ್ದವು, ಎಲ್ಲರೂ ನಂಬಿದರು. ಗಾಡಿಗಳು ನಮ್ಮ ಕಡೆ ತಿರುಗಲೇ ಇಲ್ಲ. ನಾನು ಸುಮ್ಮನೆ ಮನೆಯಲ್ಲಿ ಕೂತು ಫೋನು ಮಾಡಿದ್ದರೂ ನನ್ನ ಒಂದು ಎಲೆ ಹೋಗುತ್ತಿರಲಿಲ್ಲ.

ಹೆಸರು ಹೇಳಿದರೆ ಶಿಕ್ಷೆ ಅರ್ಧ ಮಾಡುತ್ತೇವೆ ಎಂದು ಹಾರ್ಲನ್‌ಗೆ ಆಸೆ ತೋರಿಸಿದ್ದರು. ಅವನು ಒಬ್ಬರ ಹೆಸರನ್ನೂ ಹೇಳಲಿಲ್ಲ, ನನ್ನದನ್ನೂ ಹೇಳಲಿಲ್ಲ. ಹದಿನಾಲ್ಕು ತಿಂಗಳ ನಂತರ ಬಂದಾಗ ಅವನ ಹೆಂಡತಿ ಪೆಟ್ರಾ ಮಗನನ್ನು ಕರೆದುಕೊಂಡು ಪಕ್ಕದ ಆರೆಗನ್ ರಾಜ್ಯಕ್ಕೆ ಹೋಗಿಯಾಗಿತ್ತು. ಆ ಮಗ ಈಗ ಕ್ರಿಸ್‌ಮಸ್ಸಿಗೆ ಒಂದು ಕಾರ್ಡು ಕಳಿಸುತ್ತಾನೆ. ಹಾರ್ಲನ್ ನನಗೆ ಸೌದೆ ತಂದು ಹಾಕುತ್ತಾನೆ.

ಡಿಸೆಂಬರ್ 4, ಭಾನುವಾರ

ಮಡ್ರೋನ ಪೆಟ್ಟಿಗೆ ಕಟ್ಟುತ್ತಿದ್ದಾಳೆ. ನನ್ನ ಮೇಲಿನ ಸಿಟ್ಟಿಗಲ್ಲ, ಗಡುವು ಬಂತು ಎಂದಳು. ಸಿಟ್ಟಿದ್ದರೆ ಒಳ್ಳೆಯದಿತ್ತು.

ಡಿಸೆಂಬರ್ 11, ಭಾನುವಾರ

ಹೋಗಿ ಹೇಳಿ ಬಂದೆ.

ಹಾರ್ಲನ್ ಅಡುಗೆಮನೆಯಲ್ಲಿ ಪತ್ರಿಕೆ ಹರಡಿಕೊಂಡು ಕತ್ತರಿಗಳನ್ನು ಎಣ್ಣೆಯಲ್ಲಿ ಒರೆಸುತ್ತಿದ್ದ. ಸಾಕ್ಷಿಯ ಸಹಿಗೆ ಬಂದೆ ಎಂದುಕೊಂಡು ಕನ್ನಡಕ ಹುಡುಕಲು ಎದ್ದ. ಕೂತುಕೋ ಎಂದೆ. ಮಾತನ್ನು ಎಲ್ಲಿಂದ ಶುರುಮಾಡಬೇಕೋ ತಿಳಿಯದೆ ಅವನ ಕಾಫಿ ಕೆಟ್ಟದಾಗಿದೆ ಎಂದೆ. ಅವನು ನಕ್ಕ. ಆ ನಗು ಇರುವಾಗಲೇ ಹೇಳಿಬಿಟ್ಟೆ.

"ಆವತ್ತು ಫೋನು ಸತ್ತಿರ್ಲಿಲ್ಲ, ಹಾರ್ಲನ್."

ಕತ್ತರಿ ಒರೆಸುವುದು ನಿಂತಿತು. ಎಲ್ಲವನ್ನೂ ಹೇಳಿದೆ. ಬೂಟಿನ ಮಾತು ಹೇಳಲಿಲ್ಲ, ಅದು ನೆಪ. ಮುಗಿದ ಮೇಲೆ ಅವನು ಕತ್ತರಿಯನ್ನು ಪತ್ರಿಕೆಯ ಮೇಲೆ ಇಟ್ಟ.

"ಎಷ್ಟು ಗಂಟೆಗೆ ನೋಡ್ದೆ?"

"ಆರೂ ಹತ್ತಕ್ಕೆ."

"ನನ್ನ ಬಾಗಿಲಿಗೆ ಬಂದಿದ್ದು ಆರೂ ಐವತ್ತಕ್ಕೆ. ಪೆಟ್ರಾ ಮಗೂಗೆ ಗಂಜಿ ತಿನ್ನಿಸ್ತಿದ್ಲು."

ಅಷ್ಟೇ. ಬೈಯಲಿ ಎಂದು ಕಾದೆ. ಬೈಯಲಿಲ್ಲ. ಮನೆಗೆ ಹೋಗು ಎಂದ. ಬಾಗಿಲವರೆಗೆ ಬರುವ ಅಭ್ಯಾಸ ಅವನದು, ಇವತ್ತು ಕುರ್ಚಿ ಬಿಟ್ಟು ಏಳಲಿಲ್ಲ. ದಾರಿಯಲ್ಲಿ ಅತ್ತೆ. ಅಳುವುದಕ್ಕೆ ನನಗೆ ಏನು ಹಕ್ಕಿದೆ ಎಂದುಕೊಂಡರೂ ನಿಲ್ಲಲಿಲ್ಲ.

ಮಡ್ರೋನಳಿಗೂ ಹೇಳಿದೆ. ಆ ಗಿಡ ಎಳೆದುಕೊಂಡು ಓಡಿದ್ದು ತನ್ನ ಬಾಲ್ಯದ ದೊಡ್ಡ ಸಾಹಸ ಎಂದುಕೊಂಡಿದ್ದಳಂತೆ. ಅವಳ ಮುಖ ನೋಡಲಾಗಲಿಲ್ಲ.

ಡಿಸೆಂಬರ್ 18, ಭಾನುವಾರ

ಮಂಜು ಬಿದ್ದಿದೆ. ಸೌದೆ ಬಂದಿಲ್ಲ. ಇರುವುದನ್ನು ಒಡೆದೆ, ಭುಜ ಹಿಡಿದುಕೊಂಡಿದೆ. ಮಡ್ರೋನ ಬಂದು ಉಳಿದದ್ದನ್ನು ಒಡೆದಳು. ಆಮೇಲೆ ಊಟಕ್ಕೆ ಕೂತಳು.

ಡಿಸೆಂಬರ್ 25, ಭಾನುವಾರ

ಪೆಟ್ಟಿಗೆಗಳು ಬಾಗಿಲ ಹತ್ತಿರ ಸಾಲಾಗಿವೆ. ನಾನು ಅವಳಿಗೆ ಕಾಲುಚೀಲ ಹೆಣೆದುಕೊಟ್ಟೆ. ಅವಳು ನನಗೆ ಇನ್ನೊಂದು ಹಸಿರು ಪುಸ್ತಕ ಕೊಟ್ಟಳು. ಹೋಗುವವಳು ಇದನ್ನು ಯಾಕೆ ಕೊಟ್ಟಳೋ, ಕೇಳಲಿಲ್ಲ.

ಡಿಸೆಂಬರ್ 29, ಗುರುವಾರ

ಬೆಳಿಗ್ಗೆ ರಸ್ತೆಯ ಟಪಾಲು ಪೆಟ್ಟಿಗೆಯಲ್ಲಿ ಅಂಚೆಚೀಟಿಯಿಲ್ಲದ ಒಂದು ಲಕೋಟೆ ಇತ್ತು. ಒಳಗೆ ಹಾರ್ಲನ್ ಬರೆದ ಹೇಳಿಕೆ. ಪ್ರಮಾಣ ಮಾಡಿಸಿ, ಸೀಲು ಹಾಕಿಸಿ, ಎಲ್ಲ ಕ್ರಮವಾಗಿ ಮಾಡಿದ್ದಾನೆ. ಅದಕ್ಕಾಗಿ ಅವನು ಮಂಜಿನ ರಸ್ತೆಯಲ್ಲಿ ಒಂದೂವರೆ ಗಂಟೆ ಪಟ್ಟಣಕ್ಕೆ ಹೋಗಿ ಬಂದಿರಬೇಕು. ಮಡ್ರೋನಳಿಗೆ ಓದಲು ಕೊಟ್ಟೆ. ಅದನ್ನು ಇಲ್ಲಿ ಇದ್ದ ಹಾಗೇ ಬರೆದಿಡುತ್ತೇನೆ.

"ತಿರುವಿನ ಮನೆಯ ಈ ಹೆಂಗಸನ್ನು ನಾನು 1978ರಿಂದ ಬಲ್ಲೆ. ನಾವು ಇವಳನ್ನು ವಿಲ್ಲೋ ಎಂದು ಕರೆಯುತ್ತೇವೆ. ಪೂರ್ತಿ ಹೆಸರು ನನಗೆ ಗೊತ್ತಿಲ್ಲ, ಇಲ್ಲಿ ಕೇಳುವ ಪದ್ಧತಿಯಿರಲಿಲ್ಲ. ಕೆಳಗೆ ಜಾಗ ಬಿಟ್ಟಿದ್ದೇನೆ, ಅವಳೇ ತುಂಬಲಿ. 1990ರ ಆಗಸ್ಟ್ 14ರಂದು ನನ್ನ ತೋಟದ ಮೇಲೆ ದಾಳಿಯಾಯಿತು, ಅದರ ದಾಖಲೆ ನಿಮ್ಮಲ್ಲಿದೆ. ಆ ದಿನ ಬೆಳಿಗ್ಗೆ ಆರೂ ಹತ್ತರಿಂದ ಆರೂ ಐವತ್ತರವರೆಗೆ ಇವಳು ತನ್ನ ಗಾಂಜಾ ತೋಟದಲ್ಲಿ ಇದ್ದಳು. ಇದಕ್ಕೆ ನಾನೇ ಸಾಕ್ಷಿ. ಯಾಕೆಂದರೆ ಆ ನಲವತ್ತು ನಿಮಿಷವೂ ನನ್ನ ಫೋನು ಬಡಿದುಕೊಳ್ಳಲಿಲ್ಲ."

ಮಡ್ರೋನ ಓದಿ ಮುಗಿಸಿ ಕಾಗದವನ್ನು ನನ್ನ ಮುಂದೆ ಇಟ್ಟಳು, ಪೆನ್ನನ್ನು ಅದರ ಮೇಲಿಟ್ಟಳು. ಈ ಸಲ ಹೊರಟುಹೋಗಲಿಲ್ಲ, ಪಕ್ಕದಲ್ಲೇ ನಿಂತಳು. ಅವನು ಬಿಟ್ಟ ಜಾಗದಲ್ಲಿ ಬರೆದೆ. ಅಗ್ನೆಸ್ ತೆರೆಸಾ ಪುಲಾಸ್ಕಿ. ಮೂವತ್ತೆಂಟು ವರ್ಷ ಈ ಗುಡ್ಡದ ಯಾರಿಗೂ ಬರೆದುಕೊಡದ ಹೆಸರು, ಅಕ್ಷರಗಳು ಶಾಲೆಯ ಹುಡುಗಿ ಬರೆದ ಹಾಗೆ ಬಂದವು. ನನ್ನ ಹೇಳಿಕೆಯನ್ನೂ ಬರೆಸಿದೆ. ಫೋನು ಎತ್ತಿದ್ದು, ಸ್ವರ ಬಂದದ್ದು, ಇಟ್ಟದ್ದು, ಯಾವುದನ್ನೂ ಬಿಡಲಿಲ್ಲ.

ಡಿಸೆಂಬರ್ 30, ಶುಕ್ರವಾರ

ಕಿಟಕಿಯ ಹಿಂದಿನ ಆ ಹುಡುಗ ಎರಡೂ ಹೇಳಿಕೆಗಳನ್ನು ಓದಿದ. ಮಧ್ಯದಲ್ಲಿ ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿದ, ಮತ್ತೆ ಓದಿದ. ತಾಳೆಯಾಗುತ್ತದೆ ಎಂದ. ಅರ್ಜಿಗೆ ಮೊಹರು ಒತ್ತಿದ. ಪರವಾನಗಿ ಸಿಗುವುದೋ ಇಲ್ಲವೋ ಬೇಸಿಗೆಯ ಹೊತ್ತಿಗೆ ಗೊತ್ತಾಗುತ್ತದಂತೆ. ಮಡ್ರೋನ ಹೊರಗೆ ನಿಂತು ಕಂಪನಿಯವರಿಗೆ ಫೋನು ಮಾಡಿ, ಬರುವುದಿಲ್ಲ ಎಂದಳು.

ಬರುವಾಗ ಹಾರ್ಲನ್ ಮನೆಯ ಹತ್ತಿರ ಟ್ರಕ್ಕು ನಿಧಾನ ಮಾಡಿಸಿದೆ. ಚಿಮಣಿಯಿಂದ ಹೊಗೆ ಬರುತ್ತಿತ್ತು. ಇಳಿಯುವ ಧೈರ್ಯವಾಗಲಿಲ್ಲ.

ಜನವರಿ 1, 2017, ಭಾನುವಾರ

ನೀರು: ಹತ್ತು ಗ್ಯಾಲನ್, ಮುಂದಿನ ಸಸಿಗೆಂದು ಒಳಗೆ ಉಳಿಸಿದ ತಾಯಿಗಿಡಗಳಿಗೆ ಮಾತ್ರ, ಮೇಲಿನ ತೊಟ್ಟಿಯಿಂದ. ಗೊಬ್ಬರ: ಇಲ್ಲ. ಗಾಂಜಾ, ಒಟ್ಟು ಆರು, ಎಲ್ಲ ಆರೋಗ್ಯವಾಗಿವೆ.

ಈ ಸಲ ಕಾಗದ ಸುಡುವುದು ಮರೆತೇಹೋಗಿದೆ. ಆಮೇಲೆ ನೋಡೋಣ.

ಬೆಳಿಗ್ಗೆ ಇನ್ನೂ ಕತ್ತಲಿತ್ತು, ಫೋನು ಬಡಿದುಕೊಂಡಿತು. ಹಾಸಿಗೆಯಿಂದ ಏಳುವಾಗ ಗಡಿಯಾರ ನೋಡಿದೆ. ಆರೂ ಹತ್ತು. ಎತ್ತಿದೆ.

"ಏನಿಲ್ಲ ಕಣೆ," ಹಾರ್ಲನ್ ಹೇಳಿದ, "ನಿನ್ನ ಫೋನು ಸರಿಯಿದೆಯಾ ಅಂತ ನೋಡ್ದೆ."

ಸರಿಯಿದೆ ಎಂದೆ. ಅವನು ಇಟ್ಟುಬಿಟ್ಟ.